ಕೇಳುಗರ ಕಟ್ಟೆ: ಹಳೆಯ ಆಂಪ್ಲಿಫೈಯರಿಗೆ ಯಾವ ಸ್ಟ್ರೀಮರ್?

ಈ ಬಾರಿ ಕೈಸೇರಿದ ಪತ್ರಗಳಲ್ಲಿ ಬಹುಪಾಲು ಮೈಸೂರು ಮತ್ತು ಮಂಡ್ಯದ ಕಡೆಯವು. ಅವು ಕೇಳಿರುವುದೂ ಬಹುಮಟ್ಟಿಗೆ ಒಂದೇ ಸಂಗತಿಯನ್ನು. ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇದೆ, ಸ್ಪೀಕರ್ ಇವೆ, ಆದರೆ ಸಂಗೀತ ಮಾತ್ರ ಫೋನಿಗೂ ಇಂಟರ್ನೆಟ್ಟಿಗೂ ವಲಸೆ ಹೋಗಿದೆ. ಇವೆರಡನ್ನೂ ಕೂಡಿಸುವ ನೆಟ್‌ವರ್ಕ್ ಸ್ಟ್ರೀಮರ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಕಟ್ಟೆಯನ್ನು ಅದೊಂದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಮೂವತ್ತು ವರ್ಷಗಳ ಹಿಂದೆ ಕೊಂಡ ಸ್ಟೀರಿಯೊ ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್ ಹಾಗೂ ಸುಮಾರು 400 ಸಿ.ಡಿ.ಗಳು ನನ್ನಲ್ಲಿವೆ, ಹೆಚ್ಚಿನವು ಕರ್ನಾಟಕ ಸಂಗೀತದವು, ಉಳಿದವು ಭಾವಗೀತೆ ಮತ್ತು ದಾಸರ ಪದಗಳವು. ಸಿ.ಡಿ. ಪ್ಲೇಯರ್ ಕೆಟ್ಟಿದೆ, ಅದರ ಲೇಸರ್ ಭಾಗ ಈಗ ಸಿಗುವುದಿಲ್ಲವೆಂದು ರಿಪೇರಿಯವರು ಕೈಚೆಲ್ಲಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಸ್ಟ್ರೀಮರ್ ಕೊಳ್ಳಿ ಎನ್ನುತ್ತಾನೆ. ಅಂಗಡಿಯಲ್ಲಿ ವಿಚಾರಿಸಿದರೆ ಹತ್ತು ಸಾವಿರದಿಂದ ಲಕ್ಷದವರೆಗೂ ಬೆಲೆ ಹೇಳುತ್ತಾರೆ. ಈ ಅಂತರ ಏತಕ್ಕೆ? ನನ್ನ ಹೆಂಡತಿಗೆ ಫೋನಿನಲ್ಲಿ ಗುಂಡಿ ಹುಡುಕುವುದು ಆಗದು, ಆಕೆಯೂ ನಡೆಸುವಂತಿರಬೇಕು. ಯಾವುದು ಸೂಕ್ತ? — ಕುವೆಂಪುನಗರ, ಮೈಸೂರು

ಉತ್ತರ: ಮೇಷ್ಟ್ರೇ, ಕೊಳ್ಳುವ ಮಾತಿಗೆ ಮೊದಲು ಒಂದು ಕೆಲಸ ಮಾಡಿ. ಸ್ಪೀಕರಿನ ಮುಂಭಾಗದ ಬಟ್ಟೆಯ ಚೌಕಟ್ಟನ್ನು ಮೆಲ್ಲನೆ ಬಿಚ್ಚಿ, ಕೋನಿನ ಸುತ್ತ ಇರುವ ಮೆತ್ತನೆಯ ಅಂಚನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ. ಅದು ರಬ್ಬರಿನದಾಗಿದ್ದರೆ ಚಿಂತೆಯಿಲ್ಲ. ಫೋಮಿನದಾಗಿದ್ದರೆ, ಮೂವತ್ತು ವರ್ಷಗಳಲ್ಲಿ ಅದು ಹಳೆಯ ರಸ್ಕಿನಂತೆ ಪುಡಿಪುಡಿಯಾಗಿ ಬೆರಳಿಗೆ ಅಂಟುವ ಸಾಧ್ಯತೆಯೇ ಹೆಚ್ಚು. ಸರಸ್ವತಿಪುರಂನ ಸ್ನೇಹಿತರೊಬ್ಬರ ಮನೆಯಲ್ಲಿ ಹೊಸ ಸ್ಟ್ರೀಮರಿನಿಂದ ಮೃದಂಗದ ಎಡಗಡೆಯ ನಾದವೇ ಬರುತ್ತಿಲ್ಲವೆಂದು ನಾವಿಬ್ಬರೂ ಒಂದು ಭಾನುವಾರವಿಡೀ ಸೆಟ್ಟಿಂಗು ತಡಕಾಡಿ, ಸಂಜೆ ಬಟ್ಟೆ ಬಿಚ್ಚಿ ನೋಡಿದರೆ ಎರಡೂ ಸ್ಪೀಕರಿನ ಅಂಚು ಪೂರ್ತಿ ಉದುರಿತ್ತು. ಅಂಚನ್ನು ಹೊಸದಾಗಿ ಅಂಟಿಸಿಕೊಡುವವರು ಇದ್ದಾರೆ, ಅದಕ್ಕೆ ಆಗುವ ಖರ್ಚೂ ಸ್ಟ್ರೀಮರಿನ ಮುಂದೆ ಅಲ್ಪ. ಹಾಗೆಯೇ ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರುತ್ತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸಿ. ಇವೆರಡೂ ಸರಿಯಿದ್ದ ಮೇಲೆ ಸ್ಟ್ರೀಮರಿನ ಮಾತು.

ಸ್ಟ್ರೀಮರ್ ಎಂದರೆ ಹಿಂದೆ ರೇಡಿಯೊ ಟ್ಯೂನರ್ ಕೂರುತ್ತಿದ್ದ ಜಾಗದಲ್ಲಿ ಈಗ ಕೂರುವ ಪೆಟ್ಟಿಗೆ. ಟ್ಯೂನರ್ ಗಾಳಿಯಲ್ಲಿನ ತರಂಗವನ್ನು ಹಿಡಿದು ಆಂಪ್ಲಿಫೈಯರಿಗೆ ಒಪ್ಪಿಸುತ್ತಿತ್ತು. ಇದು ಮನೆಯ ರೂಟರಿನ ಮೂಲಕ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ತರಿಸಿಕೊಂಡು, ತನ್ನೊಳಗಿರುವ ಡ್ಯಾಕ್ ಎಂಬ ಚಿಪ್‌ನಿಂದ ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಕೆಂಪು-ಬಿಳಿ ಆರ್‌ಸಿಎ ತಂತಿಗಳ ಮೂಲಕ ನಿಮ್ಮ ಆಂಪ್ಲಿಫೈಯರಿನ ಆಕ್ಸ್ ಅಥವಾ ಸಿ.ಡಿ. ಕಿಂಡಿಗೆ ಕೊಡುತ್ತದೆ. ಇದರಲ್ಲಿ ಡ್ಯಾಕ್ ಎಂಬುದು ಒಂದು ಕಾಲಕ್ಕೆ ದುಬಾರಿ ವಸ್ತುವಾಗಿತ್ತು. ಇಂದು ಅಗ್ಗದ ಪೆಟ್ಟಿಗೆಯಲ್ಲಿರುವ ಡ್ಯಾಕ್ ಕೂಡ ಸಿ.ಡಿ.ಯಲ್ಲಿರುವುದನ್ನು ಲೋಪವಿಲ್ಲದೆ ಹೊರಗಿಡಬಲ್ಲದು. ಹತ್ತು ಸಾವಿರಕ್ಕೂ ಲಕ್ಷಕ್ಕೂ ನಡುವಿನ ಹಣ ಹೆಚ್ಚಾಗಿ ಹೋಗುವುದು ಬಣ್ಣದ ಪರದೆಗೆ, ಅಲ್ಯೂಮಿನಿಯಂ ಕವಚಕ್ಕೆ, ದೊಡ್ಡ ಟ್ರಾನ್ಸ್‌ಫಾರ್ಮರಿಗೆ, ಟಿ.ವಿ. ಮತ್ತು ಗ್ರಾಮಫೋನ್ ಜೋಡಿಸುವ ಹೆಚ್ಚುವರಿ ಕಿಂಡಿಗಳಿಗೆ ಮತ್ತು ಹೆಸರಿಗೆ. ಇವುಗಳಿಂದ ಸುಖವಿಲ್ಲವೆಂದು ನಾನು ಹೇಳಲಾರೆ, ಆದರೆ ನಾದದಲ್ಲಿ ಆಗುವ ವ್ಯತ್ಯಾಸ ಸ್ಪೀಕರನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದರೆ ಆಗುವ ವ್ಯತ್ಯಾಸಕ್ಕಿಂತ ಕಡಿಮೆ.

ಹಾಗಾದರೆ ಯಾವ ಲೆಕ್ಕದಿಂದ ಆರಿಸಬೇಕು? ನಿಮ್ಮ ಸಂಗೀತ ಎಲ್ಲಿದೆ, ಅದನ್ನು ಯಾರು ಹಾಕುತ್ತಾರೆ, ಕಂಪನಿ ಕೈಬಿಟ್ಟ ಮೇಲೂ ಪೆಟ್ಟಿಗೆ ಹಾಡೀತೇ ಎಂಬ ಮೂರು ವಿಚಾರಗಳಿಂದ.

ನಿಮ್ಮ ಸಂಗೀತ ಇರುವುದು ಸಿ.ಡಿ.ಗಳಲ್ಲಿ. ಪ್ಲೇಯರ್ ಹೋಯಿತೆಂದು ಅವುಗಳನ್ನು ಅಟ್ಟಕ್ಕೆ ಹಾಕಬೇಡಿ, ಏಕೆಂದರೆ ಅವುಗಳಲ್ಲಿ ಎಷ್ಟೋ ಕಛೇರಿಗಳು ಇಂದಿಗೂ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಸಿ.ಡಿ. ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಅವನ್ನು ಫ್ಲ್ಯಾಕ್ ಎಂಬ ಮಾದರಿಯ ಕಡತಗಳಾಗಿ ಇಳಿಸಿಕೊಳ್ಳಿ. 2001ರಿಂದ ಬಳಕೆಯಲ್ಲಿರುವ ಈ ಮಾದರಿ ಯಾರಿಗೂ ಶುಲ್ಕ ಕೊಡಬೇಕಿಲ್ಲದ ಮುಕ್ತ ಮಾದರಿ. ಎಂಪಿ3 ಮಾಡುವಂತೆ ನಾದದ ಯಾವ ಅಂಶವನ್ನೂ ಬಿಸಾಡದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಒಂದು ಗಂಟೆಯ ಸಿ.ಡಿ.ಗೆ 350 ಎಂಬಿ ಎಂದು ಹಿಡಿದರೂ ನಿಮ್ಮ 400 ಸಿ.ಡಿ.ಗಳು 140 ಜಿಬಿಯಲ್ಲಿ ಮುಗಿಯುತ್ತವೆ, ಅಂದರೆ 256 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ವಿಂಡೋಸಿನಲ್ಲಿ ಎಕ್ಸ್ಯಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಗೀರುಬಿದ್ದ ಡಿಸ್ಕನ್ನೂ ತಾಳ್ಮೆಯಿಂದ ಮತ್ತೆಮತ್ತೆ ಓದಿ, ಬಂದ ಫಲಿತಾಂಶ ಅದೇ ಸಿ.ಡಿ.ಯನ್ನು ಬೇರೆಯವರು ಇಳಿಸಿಕೊಂಡದ್ದಕ್ಕೆ ಸರಿಹೊಂದುತ್ತದೆಯೇ ಎಂದು ತಾಳೆ ನೋಡುತ್ತದೆ. ದಿನಕ್ಕೆ ನಾಲ್ಕರಂತೆ ಇಳಿಸಿದರೆ ನೂರು ದಿನಗಳ ಕೆಲಸ. ಮುಗಿದ ಮೇಲೆ ಇನ್ನೊಂದು ಪ್ರತಿಯನ್ನು ಮಗನ ಮನೆಯಲ್ಲಿಡಿ.

ಇಲ್ಲೇ ಬಹಳ ಜನ ಎಡವುವ ಒಂದು ಜಾಗವಿದೆ. ಸ್ಟ್ರೀಮರಿನ ಹಿಂದೆ ಯುಎಸ್‌ಬಿ ಕಿಂಡಿ ಕಂಡೊಡನೆ ಪೆನ್‌ಡ್ರೈವ್ ಹಾಕಬಹುದೆಂದು ಭಾವಿಸಬೇಡಿ. ಉದಾಹರಣೆಗೆ ವೀಮ್ ಎಂಬ ಕಂಪನಿಯ ಪ್ರೊ ಮತ್ತು ಪ್ರೊ ಪ್ಲಸ್ ಸ್ಟ್ರೀಮರ್‌ಗಳಲ್ಲಿರುವ ಆ ಕಿಂಡಿ ಕೇವಲ ಕರೆಂಟಿಗೆ. ಅವುಗಳಿಗೆ ನಿಮ್ಮ ಕಡತಗಳನ್ನು ಕೊಡಬೇಕಾದರೆ ಮನೆಯ ಇನ್ನೊಂದು ಕಂಪ್ಯೂಟರ್ ಅಥವಾ ಯುಎಸ್‌ಬಿ ಇರುವ ರೂಟರ್, ಕಡತಗಳನ್ನು ಮನೆಯ ನೆಟ್‌ವರ್ಕಿನಲ್ಲಿ ಹಂಚುವ ಡಿಎಲ್‌ಎನ್‌ಎ ಸರ್ವರ್ ಆಗಿ ಸದಾ ಎಚ್ಚರವಾಗಿರಬೇಕು. ಅದೇ ಕಂಪನಿಯ ಅಲ್ಟ್ರಾದಲ್ಲಿ ಪೆನ್‌ಡ್ರೈವನ್ನು ನೇರವಾಗಿ ಚುಚ್ಚಿ ನುಡಿಸಬಹುದು, ಬ್ಲೂಸೌಂಡ್ ಕಂಪನಿಯ ನೋಡ್‌ನಲ್ಲೂ ಹಾಗೆಯೇ. ಅಮೆರಿಕದಲ್ಲಿ ಬಿಡುಗಡೆಯಾದಾಗ ಪ್ರೊ, ಪ್ರೊ ಪ್ಲಸ್, ಅಲ್ಟ್ರಾಗಳ ಬೆಲೆ ಕ್ರಮವಾಗಿ 149, 219 ಮತ್ತು 329 ಡಾಲರ್ ಇತ್ತು. ಸುಂಕ ಮತ್ತು ತೆರಿಗೆ ಸೇರಿ ನಮ್ಮಲ್ಲಿ ಅದಕ್ಕಿಂತ ಮೇಲೆಯೇ ಬೀಳುತ್ತದೆ. ನೋಡ್ ಇನ್ನೂ ದುಬಾರಿ.

ಇನ್ನು ಯಾರು ಹಾಕುತ್ತಾರೆ ಎಂಬುದು. ಬೆಳಿಗ್ಗೆ ಪೂಜೆಯ ಹೊತ್ತಿಗೆ ದಾಸರ ಪದ ಬೇಕೆಂದರೆ ಕನ್ನಡಕ ಹುಡುಕಿ, ಫೋನಿನ ಬೀಗ ತೆಗೆದು, ಆ್ಯಪ್ ತೆರೆದು, ನಾಲ್ಕು ಪರದೆ ದಾಟುವಂತಿದ್ದರೆ ಆ ಪೆಟ್ಟಿಗೆ ನಿಮ್ಮೊಬ್ಬರದಾಗಿ ಉಳಿಯುತ್ತದೆ, ಮನೆಯದಾಗುವುದಿಲ್ಲ. ಅಂಕಿ ಬರೆದ ಪ್ರಿಸೆಟ್ ಗುಂಡಿಗಳಿರುವ ರಿಮೋಟ್ ಜೊತೆಗೇ ಬರುತ್ತದೆಯೋ ಪ್ರತ್ಯೇಕ ಕೊಳ್ಳಬೇಕೋ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ. ಒಂದನೆಯ ಗುಂಡಿಗೆ ಆಕಾಶವಾಣಿ, ಎರಡನೆಯದಕ್ಕೆ ದೇವರನಾಮಗಳ ಪಟ್ಟಿ ಎಂದು ನೀವು ಒಮ್ಮೆ ಹೊಂದಿಸಿಕೊಟ್ಟರೆ ಯಜಮಾನಿತಿಯವರು ಫೋನನ್ನು ಮುಟ್ಟಬೇಕಾಗಿಯೇ ಇಲ್ಲ.

ಮೂರನೆಯ ವಿಚಾರವನ್ನು ಅಂಗಡಿಯವರು ಹೇಳುವುದಿಲ್ಲ. ಸ್ಟ್ರೀಮರ್ ಅರ್ಧ ಯಂತ್ರ, ಅರ್ಧ ತಂತ್ರಾಂಶ. ಆ ಎರಡನೆಯ ಅರ್ಧದ ಆಯುಸ್ಸು ಕಂಪನಿಯ ಕೈಯಲ್ಲಿದೆ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಬಿಲ್ಲೆಯಾಕಾರದ ಅಗ್ಗದ ಸ್ಟ್ರೀಮರಿನ ತಯಾರಿಕೆ 2019ರ ಹೊತ್ತಿಗೇ ನಿಂತಿತು. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಹೆಸರಾಂತ ಸರಣಿಯನ್ನು 2012ರಲ್ಲಿ ಕೈಬಿಟ್ಟು, ಅದರ ಜಾಲತಾಣ ಸೇವೆಯನ್ನು 2024ರಲ್ಲಿ ಮುಚ್ಚಿತು. ಹಾಗಿದ್ದೂ ಆ ಪೆಟ್ಟಿಗೆಗಳು ಈಗಲೂ ಹಾಡುತ್ತಿವೆ, ಏಕೆಂದರೆ ಅವುಗಳ ಸರ್ವರ್ ತಂತ್ರಾಂಶ ಮುಕ್ತವಾಗಿದ್ದು, ಬಳಕೆದಾರರೇ ಅದನ್ನು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಸಾಕುತ್ತಿದ್ದಾರೆ. ನನ್ನ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. ಹೆಸರು ಬೇಡ, ಒಂದು ಕಂಪನಿಯ ಪೆಟ್ಟಿಗೆ ಕೊಂಡಿದ್ದೆ; ಪ್ರತಿಸಲ ಹೊತ್ತಿಸಿದಾಗಲೂ ಅದು ಕಂಪನಿಯ ಸರ್ವರಿನಲ್ಲಿ ಹಾಜರಿ ಹಾಕಬೇಕಿತ್ತು, ಸರ್ವರ್ ಮುಚ್ಚಿದ ದಿನದಿಂದ ನನ್ನ ಸ್ವಂತ ಹಾರ್ಡ್ ಡಿಸ್ಕಿನಲ್ಲಿದ್ದ ಹಾಡನ್ನೂ ನುಡಿಸಲೊಲ್ಲದಾಯಿತು. ಈಗ ಅದು ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಕೊಂಡು ಕೂತಿದೆ. ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ: ರೂಟರಿಗೆ ಬರುವ ಇಂಟರ್ನೆಟ್ ತಂತಿಯನ್ನಷ್ಟೇ ಕಿತ್ತು, ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ, ನಿಮ್ಮ ಪೆನ್‌ಡ್ರೈವಿನ ಹಾಡು ಬರುತ್ತದೆಯೇ ನೋಡಿ. ಜೊತೆಗೆ ಸಂಗೀತವನ್ನು ಅಂಕಿಗಳ ರೂಪದಲ್ಲೇ ಹೊರಕ್ಕೆ ಕೊಡುವ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಔಟ್‌ಪುಟ್ ಇದ್ದರೆ ಮುಂದೊಂದು ದಿನ ಬೇರೆ ಡ್ಯಾಕ್ ಸೇರಿಸಿಕೊಳ್ಳುವ ದಾರಿಯೂ ತೆರೆದಿರುತ್ತದೆ.

ನಿಮ್ಮ ಮನೆಗೆ ನನ್ನ ಆಯ್ಕೆ ವೀಮ್ ಅಲ್ಟ್ರಾ, ಅದರ ಪರದೆಗಾಗಿ ಅಲ್ಲ, ಪೆನ್‌ಡ್ರೈವ್ ಮತ್ತು ರಿಮೋಟಿಗಾಗಿ. ಒಂದು ಎಚ್ಚರಿಕೆ ಮಾತ್ರ ಇದೆ. ಮಗ ಐಫೋನ್ ಬಳಸುವವರಾಗಿದ್ದು, ಊರಿಗೆ ಬಂದಾಗ ಏರ್‌ಪ್ಲೇ ಮೂಲಕ ಹಾಡು ಕಳಿಸುವ ಅಭ್ಯಾಸವಿದ್ದರೆ ಅಲ್ಟ್ರಾದಲ್ಲಿ ಆ ಸೌಲಭ್ಯವಿಲ್ಲ, ಅದಕ್ಕಿಂತ ಅಗ್ಗದ ಪ್ರೊ ಮತ್ತು ಪ್ರೊ ಪ್ಲಸ್‌ನಲ್ಲಿದೆ. ದೊಡ್ಡಣ್ಣನಿಗೆ ಇಲ್ಲದ್ದು ತಮ್ಮಂದಿರಿಗೆ ಇರುವುದು ಈ ವ್ಯಾಪಾರದ ವಿಚಿತ್ರಗಳಲ್ಲೊಂದು.

ಪ್ರಶ್ನೆ: ನನ್ನ ಆಂಪ್ಲಿಫೈಯರಿಗೆ ಸಾವಿರದೈನೂರು ರೂಪಾಯಿಯ ಬ್ಲೂಟೂತ್ ರಿಸೀವರ್ ಹಾಕಿಕೊಂಡು ಫೋನಿನಿಂದ ಹಾಡು ಕೇಳುತ್ತಿದ್ದೇನೆ. ಚೆನ್ನಾಗಿಯೇ ಇದೆ ಎನಿಸುತ್ತದೆ. ಸ್ಟ್ರೀಮರ್ ಕೊಂಡರೆ ನಿಜವಾಗಿ ಹೆಚ್ಚೇನು ಸಿಗುತ್ತದೆ? — ಸುಭಾಷ್ ನಗರ, ಮಂಡ್ಯ

ಉತ್ತರ: ಚೆನ್ನಾಗಿದೆ ಎನಿಸಿದರೆ ಅದು ಚೆನ್ನಾಗಿಯೇ ಇದೆ; ನೀವು ಅಡುಗೆ ಮಾಡುತ್ತಲೋ ಓದುತ್ತಲೋ ಹಿನ್ನೆಲೆಯಲ್ಲಿ ಕೇಳುವವರಾದರೆ ಹಣ ಉಳಿಸಿಕೊಳ್ಳಿ. ಆದರೂ ವ್ಯತ್ಯಾಸವನ್ನು ತಿಳಿದಿರಿ. ಸಿ.ಡಿ.ಯ ಸಂಗೀತ ಸೆಕೆಂಡಿಗೆ 1,411 ಕಿಲೊಬಿಟ್‌ಗಳ ಹರಿವು. ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ವಿಧಾನ ಅದನ್ನು 328ರೊಳಗೆ ಹಿಸುಕುತ್ತದೆ, ಸೋನಿಯ ಎಲ್‌ಡ್ಯಾಕ್ ಕೂಡ ಹೆಚ್ಚೆಂದರೆ 990. ನಿಮ್ಮ ಆ್ಯಪ್ ಮೊದಲೇ ಹಿಸುಕಿ ಕಳಿಸಿದ ಹಾಡನ್ನು ಫೋನು ಬಿಚ್ಚಿ ಇನ್ನೊಮ್ಮೆ ಹಿಸುಕುವುದರಿಂದ ತಂಬೂರಿಯ ಜೀರಿನಂತಹ, ಮೋರ್ಚಿಂಗಿನ ಕಂಪನದಂತಹ ಸೂಕ್ಷ್ಮಗಳು ಮೊದಲು ಪೆಟ್ಟು ತಿನ್ನುತ್ತವೆ.

ಆದರೆ ನನ್ನ ಅನುಭವದಲ್ಲಿ ಬ್ಲೂಟೂತಿನ ನಿಜವಾದ ಕಿರಿಕಿರಿ ನಾದದ್ದಲ್ಲ. ಆಲಾಪನೆ ತಾರಸ್ಥಾಯಿಗೆ ಏರಿದ ಕ್ಷಣಕ್ಕೆ ಸರಿಯಾಗಿ ಸಾಲ ಬೇಕೇ ಎಂದು ಯಾರೋ ಕರೆ ಮಾಡುತ್ತಾರೆ, ರಿಂಗ್‌ಟೋನು ಎರಡೂ ಸ್ಪೀಕರಿನಿಂದ ಹೊರಡುತ್ತದೆ. ಫೋನ್ ಹಿಡಿದು ಹಿತ್ತಲಿಗೆ ಹೋದರೆ ಹಾಡು ತುಂಡಾಗುತ್ತದೆ. ಸ್ಟ್ರೀಮರಿನಲ್ಲಿ ಹಾಗಲ್ಲ. ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್ ಬಳಸಿದಾಗ ನಿಮ್ಮ ಫೋನು ಇಂಥ ಹಾಡು ಎಂದು ಚೀಟಿ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ, ಹಾಡನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವುದು ಸ್ಟ್ರೀಮರೇ. ಫೋನನ್ನು ಆರಿಸಿಟ್ಟರೂ ಸಂಗೀತ ನಿಲ್ಲುವುದಿಲ್ಲ. ಏರ್‌ಪ್ಲೇಯಲ್ಲಿ ಮಾತ್ರ ಸಾಮಾನ್ಯವಾಗಿ ಹಾಡು ಫೋನಿನ ಮೂಲಕವೇ ಹಾದು ಹೋಗುತ್ತದೆ.

ಕೊಳ್ಳುವುದೇ ಆದರೆ ನೀವು ಚಂದಾ ಕೊಡುತ್ತಿರುವ ಸೇವೆ ಆ ಪೆಟ್ಟಿಗೆಯಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿ. ವಿದೇಶದ ವಿಮರ್ಶೆಗಳು ಹೊಗಳುವ ಟೈಡಲ್ ಮತ್ತು ಕೋಬಝ್ ಸೇವೆಗಳು ಭಾರತದಲ್ಲಿ ಅಧಿಕೃತವಾಗಿ ಇಲ್ಲ. ಅವುಗಳಿಗಾಗಿಯೇ ಗುಂಡಿ ಇಟ್ಟ ಸ್ಟ್ರೀಮರಿಗೆ ಮಂಡ್ಯದಲ್ಲಿ ಕೂತು ಹಣ ಕೊಡುವುದು ಸಮುದ್ರವಿಲ್ಲದ ಊರಿಗೆ ದೋಣಿ ತಂದಂತೆ. ಆ್ಯಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ಶುಲ್ಕವಿಲ್ಲದೆ ನಷ್ಟರಹಿತ ಸಂಗೀತವನ್ನು ಕೊಡುತ್ತಿದೆ, ಆದರೆ ಬಹಳಷ್ಟು ಸ್ಟ್ರೀಮರ್‌ಗಳ ಸ್ವಂತ ಆ್ಯಪ್‌ನಲ್ಲಿ ಅದಕ್ಕೆ ಜಾಗವಿಲ್ಲ, ಐಫೋನಿನವರು ಏರ್‌ಪ್ಲೇಯನ್ನು, ಆ್ಯಂಡ್ರಾಯ್ಡಿನವರು ಕಾಸ್ಟನ್ನು ನೆಚ್ಚಬೇಕು.

ಪ್ರಶ್ನೆ: ಹೊಸ ಸ್ಟ್ರೀಮರನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ ಧ್ವನಿ ಒಡೆದು ಕರ್ಕಶವಾಗಿ ಬರುತ್ತಿದೆ. ಖಾಲಿ ಇದ್ದ ಫೋನೊ ಕಿಂಡಿಗೆ ಹಾಕಿದ್ದೇನೆ. ಸ್ಟ್ರೀಮರ್ ಕೆಟ್ಟದ್ದೇ? — ಮದ್ದೂರು

ಉತ್ತರ: ಸ್ಟ್ರೀಮರ್ ಸರಿಯಾಗಿದೆ. ಫೋನೊ ಕಿಂಡಿ ಗ್ರಾಮಫೋನ್ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟಿನ ಸಂಕೇತವನ್ನು ನೂರು ಪಟ್ಟು ಹಿಗ್ಗಿಸಿ, ತಗ್ಗು ಸ್ವರಗಳನ್ನು ಬೇಕೆಂದೇ ಎತ್ತಿ ಕೊಡುವಂಥದ್ದು. ಅದಕ್ಕೆ ನೀವು 2 ವೋಲ್ಟ್ ಸುರಿಯುತ್ತಿದ್ದೀರಿ. ಇವತ್ತೇ ತೆಗೆದು ಆಕ್ಸ್, ಟ್ಯೂನರ್, ಸಿ.ಡಿ. ಅಥವಾ ಟೇಪ್ ಎಂದು ಬರೆದಿರುವ ಕಿಂಡಿಗೆ ಹಾಕಿ. ಅಲ್ಲೂ ವಾಲ್ಯೂಮನ್ನು ಎಂಟು ಗಂಟೆಯ ಗುರುತಿಗಿಂತ ಮೇಲೆ ತಿರುಗಿಸಲಾಗದಷ್ಟು ಜೋರಾಗಿದ್ದರೆ ಸ್ಟ್ರೀಮರಿನ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಮಟ್ಟವನ್ನು 1 ವೋಲ್ಟಿಗೋ ಅದಕ್ಕೂ ಕೆಳಕ್ಕೋ ಇಳಿಸಿ, ಹಳೆಯ ಆಂಪ್ಲಿಫೈಯರುಗಳು ಅಷ್ಟಕ್ಕೇ ಹೊಂದಿಕೊಂಡವು. ಐದು ಕಡ್ಡಿಗಳ ದುಂಡನೆಯ ಡಿನ್ ಕಿಂಡಿ ಮಾತ್ರ ಇರುವವರಿಗೆ ಡಿನ್‌ನಿಂದ ಆರ್‌ಸಿಎಗೆ ಪರಿವರ್ತಿಸುವ ತಂತಿ ಸಿಗುತ್ತದೆ.

ಪ್ರಶ್ನೆ: ನಮ್ಮದು ಹಳೆಯ ತೊಟ್ಟಿಮನೆ, ಎರಡಡಿ ದಪ್ಪದ ಗೋಡೆಗಳು. ರೂಟರ್ ಬೀದಿ ಕಡೆಯ ಕೋಣೆಯಲ್ಲಿದೆ, ಸಂಗೀತದ ವ್ಯವಸ್ಥೆ ನಡುಮನೆಯಲ್ಲಿ. ಹಾಡು ಆಗಾಗ ನಿಂತು ನಿಂತು ಬರುತ್ತದೆ. ಇಂಟರ್ನೆಟ್ ವೇಗವನ್ನು 40ರಿಂದ 100 ಎಂಬಿಪಿಎಸ್‌ಗೆ ಏರಿಸಿಕೊಂಡರೂ ಸರಿಹೋಗಲಿಲ್ಲ. ಇದಕ್ಕಿಂತ ದುಬಾರಿ ಸ್ಟ್ರೀಮರ್ ಕೊಂಡರೆ ಸರಿಹೋದೀತೇ? — ಶ್ರೀರಂಗಪಟ್ಟಣ

ಉತ್ತರ: ಹೋಗುವುದಿಲ್ಲ, ದಯವಿಟ್ಟು ಕೊಳ್ಳಬೇಡಿ. ಸಿ.ಡಿ. ಗುಣಮಟ್ಟಕ್ಕೆ ಬೇಕಾಗುವುದು ಒಂದೂವರೆ ಎಂಬಿಪಿಎಸ್ ಒಳಗೆ. ಈಗ ಜಾಹೀರಾತಿನಲ್ಲಿ ಕಾಣುವ ಅತಿ ಭಾರದ 24 ಬಿಟ್, 192 ಕಿಲೊಹರ್ಟ್ಸ್ ಸಂಗೀತಕ್ಕೂ ಹಿಸುಕದೆ ಕಳಿಸಿದರೆ 9.2 ಎಂಬಿಪಿಎಸ್. ನಿಮ್ಮ ಹಳೆಯ 40 ಧಾರಾಳವಾಗಿ ಸಾಕಿತ್ತು. ನೀರು ಊರ ಟ್ಯಾಂಕಿನಲ್ಲಿ ತುಂಬಿದೆ, ಸೋರುತ್ತಿರುವುದು ನಿಮ್ಮ ಅಂಗಳದ ಪೈಪು. 5 ಗಿಗಾಹರ್ಟ್ಸ್ ವೈಫೈ ವೇಗದ್ದಾದರೂ ದಪ್ಪ ಗೋಡೆಯ ಮುಂದೆ ಸೋಲುತ್ತದೆ, 2.4 ಗಿಗಾಹರ್ಟ್ಸ್ ಗೋಡೆಯನ್ನು ಅದಕ್ಕಿಂತ ಚೆನ್ನಾಗಿ ದಾಟುತ್ತದೆ, ಆದರೆ ಅದೇ ಪಟ್ಟಿಯಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ ಮತ್ತು ಅಕ್ಕಪಕ್ಕದ ಮನೆಗಳ ರೂಟರುಗಳೂ ಗಲಾಟೆ ಮಾಡುತ್ತಿರುತ್ತವೆ. ಮೊದಲು ಸ್ಟ್ರೀಮರನ್ನು 2.4ಕ್ಕೆ ಕಟ್ಟಿ ಒಂದು ವಾರ ನೋಡಿ.

ನಾನು ಮಾಡುವುದಾದರೆ ತಂತಿಯನ್ನೇ ಎಳೆಸುತ್ತೇನೆ. ಕ್ಯಾಟ್ 6 ನೆಟ್‌ವರ್ಕ್ ತಂತಿ 100 ಮೀಟರಿನವರೆಗೆ ಲೋಪವಿಲ್ಲದೆ ಕೆಲಸ ಮಾಡುತ್ತದೆ, ತೊಟ್ಟಿಮನೆಯಲ್ಲಿ ಜಂತೆಯ ಮೇಲುಗಡೆಯಿಂದ ತಂದರೆ ಗೋಡೆ ಕೊರೆಯುವ ಪ್ರಮೇಯವೂ ಬರುವುದಿಲ್ಲ. ಕರೆಂಟಿನ ತಂತಿಯ ಕೊಳವೆಯೊಳಗೆ ಮಾತ್ರ ಅದನ್ನು ತೂರಿಸಬೇಡಿ. ಇದಕ್ಕಾಗಿ ಈಥರ್ನೆಟ್ ಕಿಂಡಿ ಇರುವ ಸ್ಟ್ರೀಮರನ್ನೇ ಆರಿಸಬೇಕು. ಅಗ್ಗದ ವೀಮ್ ಮಿನಿಯಲ್ಲಿ ಅದಿಲ್ಲ, ಪ್ರೊದಿಂದ ಮೇಲಿನವುಗಳಲ್ಲಿದೆ. ಇನ್ನೊಂದು ನಮ್ಮೂರುಗಳ ಸಂಗತಿ: ಕರೆಂಟ್ ಹೋಗಿ ಬಂದಾಗ ಸ್ಟ್ರೀಮರ್ ಅರ್ಧ ನಿಮಿಷದಲ್ಲಿ ಎದ್ದು ರೂಟರನ್ನು ಹುಡುಕುತ್ತದೆ, ರೂಟರ್ ಇನ್ನೂ ಕಣ್ಣುಜ್ಜುತ್ತಿರುತ್ತದೆ, ಆಮೇಲೆ ಒಂದಕ್ಕೊಂದು ಸಿಗದೆ ನೀವು ಎರಡನ್ನೂ ಮತ್ತೆ ಆರಿಸಿ ಹೊತ್ತಿಸುತ್ತೀರಿ. ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ, ಈ ಕಾಟ ತಪ್ಪುತ್ತದೆ.

ಪ್ರಶ್ನೆ: ನಾನು ವೀಣೆ ಕಲಿಯುತ್ತಿರುವವಳು. ಕಛೇರಿಯ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿ ಸ್ಟ್ರೀಮರಿನಲ್ಲಿ ಕೇಳುವಾಗ ರಾಗದಿಂದ ತಾನಕ್ಕೆ, ತಾನದಿಂದ ಪಲ್ಲವಿಗೆ ಹೋಗುವಲ್ಲಿ ಅರೆಕ್ಷಣ ಮೌನ ಬೀಳುತ್ತದೆ. ಅಲ್ಲದೆ ಕನ್ನಡದಲ್ಲಿ ಬರೆದ ಹೆಸರುಗಳು ಪರದೆಯ ಮೇಲೆ ಚೌಕಗಳಾಗಿ, ಕೆಲವು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. — ಯಾದವಗಿರಿ, ಮೈಸೂರು

ಉತ್ತರ: ಅರೆಕ್ಷಣವೇ ಆದರೂ ಅದು ಸಣ್ಣ ದೋಷವಲ್ಲ. ಕಛೇರಿ ಎಡೆಬಿಡದೆ ನಡೆದಿರುತ್ತದೆ, ಸಿ.ಡಿ. ಮಾಡಿದವರು ಹುಡುಕಲು ಅನುಕೂಲವಾಗಲೆಂದು ಅದನ್ನು ತುಂಡುಗಳಾಗಿ ಗುರುತಿಸಿರುತ್ತಾರೆ. ತುಂಡಿನ ಅಂಚಿನಲ್ಲಿ ಶ್ರುತಿ ಕಡಿದು ಹೋದರೆ ಸಭೆಯಲ್ಲಿ ಯಾರೋ ತಂಬೂರಿಯ ತಂತಿಗಳ ಮೇಲೆ ಕೈ ಇಟ್ಟಂತಾಗುತ್ತದೆ. ಚಿತ್ರಗೀತೆ ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅಂಗಡಿಯ ಪ್ರದರ್ಶನದಲ್ಲಂತೂ ಬೆಳಕಿಗೇ ಬರುವುದಿಲ್ಲ. ಇದಕ್ಕೆ ಕಾರಣ ಎರಡು. ಎಂಪಿ3 ಮಾಡುವಾಗ ಕಡತದ ಆದಿ ಅಂತ್ಯಗಳಲ್ಲಿ ಒಂದಿಷ್ಟು ಮೌನ ತಾನಾಗಿ ಸೇರಿಕೊಳ್ಳುತ್ತದೆ, ಫ್ಲ್ಯಾಕ್‌ನಲ್ಲಿ ಆ ತೊಂದರೆ ಇಲ್ಲ. ಕಡತ ಫ್ಲ್ಯಾಕ್ ಆಗಿದ್ದೂ ಮೌನ ಬೀಳುತ್ತಿದ್ದರೆ, ಈ ತುಂಡು ಮುಗಿಯುವ ಮೊದಲೇ ಮುಂದಿನದನ್ನು ತಂದಿಟ್ಟುಕೊಳ್ಳುವ ಸಾಮರ್ಥ್ಯ ಸ್ಟ್ರೀಮರಿಗೋ ಅದನ್ನು ನಡೆಸುವ ಆ್ಯಪ್‌ಗೋ ಇಲ್ಲವೆಂದು ಅರ್ಥ. ಕರಪತ್ರದಲ್ಲಿ ಇದನ್ನು ಗ್ಯಾಪ್‌ಲೆಸ್ ಎಂದು ಬರೆದಿರುತ್ತಾರೆ. ಸೇವೆಯಿಂದ ಬರುವ ಹಾಡಿಗೆ ಗ್ಯಾಪ್‌ಲೆಸ್ ಇದ್ದು ಮನೆಯ ಕಡತಗಳಿಗೆ ಇಲ್ಲದಿರುವ ಪೆಟ್ಟಿಗೆಗಳೂ ಉಂಟು, ಹಾಗಾಗಿ ಒಂದು ರಾಗ-ತಾನ-ಪಲ್ಲವಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಎದುರಿಗೇ ಹಾಕಿಸಿ ಕೇಳುವುದೇ ಸರಿ. ಈಗ ನಿಮ್ಮಲ್ಲಿರುವ ಪೆಟ್ಟಿಗೆಯಲ್ಲೇ ಮುಂದುವರಿಯಬೇಕೆಂದರೆ ಆ ಮೂರು ತುಂಡುಗಳನ್ನು ಸೇರಿಸಿ ಒಂದೇ ಕಡತ ಮಾಡಿಬಿಡಿ.

ಅಕ್ಷರಗಳ ವಿಚಾರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಗೋಜಲಾಗಿ ಕಾಣುವುದು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬರೆದ ಹೆಸರುಗಳು. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರಿಂದ ಆ ಫಾಂಟಿಲ್ಲದ ಯಂತ್ರಕ್ಕೆ ಕನ್ನಡವೆಂದು ತಿಳಿಯುವುದೇ ಇಲ್ಲ. ಯುನಿಕೋಡಿಗೆ ಪರಿವರ್ತಿಸಿ ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶದಿಂದ ಮತ್ತೆ ತುಂಬಿ. ಆ ಹೆಸರಿದ್ದರೂ ಅದು ಫ್ಲ್ಯಾಕ್ ಕಡತಗಳನ್ನೂ ತಿದ್ದುತ್ತದೆ. ಚೌಕಗಳಾಗಿ ಕಾಣುವುದು ಸರಿಯಾದ ಯುನಿಕೋಡ್ ಕನ್ನಡವೇ, ಆದರೆ ಪೆಟ್ಟಿಗೆಯ ಪರದೆಯಲ್ಲಿ ಕನ್ನಡದ ಫಾಂಟನ್ನು ಹಾಕಿಲ್ಲ. ಇದಕ್ಕೆ ನಿಮ್ಮಿಂದ ಮದ್ದಿಲ್ಲ. ಒತ್ತಕ್ಷರಗಳು ಸರಿಯಾಗಿ ಮೂಡುವ ಫೋನಿನ ಪರದೆಯನ್ನೇ ನೋಡಿಕೊಳ್ಳಿ, ಇಲ್ಲವೇ ಪರದೆಯಿಲ್ಲದ ಅಗ್ಗದ ಮಾದರಿ ಕೊಳ್ಳಿ. ಹೆಸರಿನ ಕಾಗುಣಿತವನ್ನೂ ಒಂದೇ ರೀತಿ ಇಟ್ಟುಕೊಳ್ಳಿ. ನನ್ನ ಸಂಗ್ರಹದಲ್ಲಿ ವಾಸುದೇವಾಚಾರ್ಯರು ಮೈಸೂರು ಎಂದು ಒಮ್ಮೆ, ಮೈಸೂರ್ ಎಂದು ಒಮ್ಮೆ, ಆಚಾರ್ ಎಂದು ಒಮ್ಮೆ ಹೀಗೆ ನಾಲ್ವರಾಗಿ ಹರಿದು ಹಂಚಿಹೋಗಿದ್ದರು. ವಾಗ್ಗೇಯಕಾರರ ಹೆಸರನ್ನು ಕಂಪೋಸರ್ ಎಂಬ ಕಡೆ, ರಾಗ ತಾಳಗಳನ್ನು ಶೀರ್ಷಿಕೆಯಲ್ಲಿ ಕೃತಿಯ ಹೆಸರಿನ ಪಕ್ಕದಲ್ಲಿ ಬರೆದರೆ ಖರಹರಪ್ರಿಯ ಎಂದು ಹುಡುಕಿದೊಡನೆ ಮನೆಯಲ್ಲಿರುವ ಖರಹರಪ್ರಿಯವೆಲ್ಲ ಸಾಲಾಗಿ ನಿಲ್ಲುತ್ತದೆ. ಯಾವ ಚಂದಾ ಸೇವೆಯೂ ಇದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವುದನ್ನು ನಾನು ಕಂಡಿಲ್ಲ.

ಪ್ರಶ್ನೆ: ತಂದೆಯವರು ಎಂಟನೇ ಕ್ರಾಸ್ ಗಣಪತಿ ಕಛೇರಿಗಳಂಥ ಕಡೆ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. 24 ಬಿಟ್, 192 ಕಿಲೊಹರ್ಟ್ಸ್‌ನಲ್ಲಿ ಏರಿಸಿ, ಅದನ್ನು ನುಡಿಸಬಲ್ಲ ಎಂಕ್ಯೂಎ ಗುರುತಿನ ಸ್ಟ್ರೀಮರ್ ಕೊಳ್ಳುವುದು ಒಳ್ಳೆಯದೇ? — ಒಂಟಿಕೊಪ್ಪಲು, ಮೈಸೂರು

ಉತ್ತರ: ನಾದವನ್ನು ಸೆಕೆಂಡಿಗೆ 44,100 ಸಲ ಅಳೆದಿಡುವ ಸಿ.ಡಿ.ಯ 44.1 ಕಿಲೊಹರ್ಟ್ಸ್ ಮಾದರಿ 22 ಕಿಲೊಹರ್ಟ್ಸ್ ಕಂಪನದವರೆಗೆ ಹಿಡಿದಿಡುತ್ತದೆ. ಮನುಷ್ಯರ ಕಿವಿ ಎಳವೆಯಲ್ಲಿ 20ರವರೆಗೆ ಕೇಳೀತು, ಮನೆಯ ಟೇಪ್‌ರೆಕಾರ್ಡರಿನ ಕ್ಯಾಸೆಟ್ 15 ದಾಟುವುದೇ ಅಪರೂಪ. ಏರಿಸುವಾಗ ಮಟ್ಟ ಹೆಚ್ಚುಕಡಿಮೆಯಾದರೂ ಸುಧಾರಿಸಿಕೊಳ್ಳಲು 24 ಬಿಟ್, 48 ಕಿಲೊಹರ್ಟ್ಸ್ ಇಟ್ಟುಕೊಳ್ಳಿ, ಅದಕ್ಕಿಂತ ಮೇಲೆ ನೀವು ಶೇಖರಿಸುವುದು ಟೇಪಿನ ಸರಸರ ಸದ್ದನ್ನು. ಆ ಸಮಯವನ್ನು ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಓರೆಯನ್ನು ಸಣ್ಣ ತಿರುಪಿನಿಂದ ಪ್ರತಿ ಕ್ಯಾಸೆಟ್ಟಿಗೂ ಸರಿಹೊಂದಿಸಲು ಬಳಸಿದರೆ ಕಣ್ಣಿಗೆ ಕಾಣುವಷ್ಟು ಲಾಭವಿದೆ. ಎಂಕ್ಯೂಎ ಎಂಬುದು ಉನ್ನತ ಗುಣಮಟ್ಟದ ಸಂಗೀತವನ್ನು ಹಿಸುಕಿ ಕಳಿಸಲು ಒಂದು ಕಂಪನಿ ಮಾಡಿದ ವಿಧಾನ, ಅದಕ್ಕಾಗಿ ಬಿಡಿಗಾಸನ್ನೂ ಹೆಚ್ಚು ಕೊಡಬೇಡಿ. ಆ ಕಂಪನಿ 2023ರಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ ಮಾರಾಟವಾಯಿತು, ಅದರ ದೊಡ್ಡ ಆಸರೆಯಾಗಿದ್ದ ಟೈಡಲ್ 2024ರಲ್ಲಿ ಕೈಬಿಟ್ಟಿತು.

ಪ್ರಶ್ನೆ: ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಆಕಾಶವಾಣಿಯೇ ಮುಖ್ಯ. ಸ್ಟ್ರೀಮರ್ ಕೊಂಡರೆ ಹಳೆಯ ಎಫ್‌ಎಂ ಟ್ಯೂನರನ್ನು ಮಾರಿಬಿಡಬಹುದೇ? — ಪಾಂಡವಪುರ

ಉತ್ತರ: ಮಾರಬೇಡಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪುಟ್ಟ ಪ್ರೇಷಕವೊಂದನ್ನಿಟ್ಟು ಆರಂಭಿಸಿದ ನಿಲಯ ಈಗ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತಿದೆ, ನಿಮ್ಮ ಊರಿನಲ್ಲಿ ಅದು ಸ್ಪಷ್ಟವಾಗಿ ಸಿಗುತ್ತಿದ್ದರೆ ಇಂಟರ್ನೆಟ್ಟಿನ ಹಿಸುಕಿದ ಧಾರೆಗಿಂತ ಟ್ಯೂನರಿನ ನಾದವೇ ತುಂಬಿಕೊಂಡಿರುತ್ತದೆ. ಸ್ಟ್ರೀಮರಿನಿಂದ ಆಗುವ ಲಾಭ ಬೇರೆ. ದೂರದ ನಿಲಯಗಳೂ, 2016ರಲ್ಲಿ ಆರಂಭವಾದ ಇಪ್ಪತ್ನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿ ರಾಗಂ ಕೂಡ ಕೈಗೆ ಸಿಗುತ್ತವೆ. ಪ್ರಸಾರ ಭಾರತಿಯ ಆ್ಯಪ್ ಫೋನಿನದ್ದು; ಸ್ಟ್ರೀಮರ್ ತಾನೇ ನುಡಿಸಬೇಕಾದರೆ ಅದರ ರೇಡಿಯೊ ಪಟ್ಟಿಯಲ್ಲಿ ನಿಲಯವಿರಬೇಕು, ಇಲ್ಲವೇ ನಿಲಯದ ಕೊಂಡಿಯನ್ನು ನೀವೇ ಬರೆದು ಸೇರಿಸುವ ಸೌಲಭ್ಯವಿರಬೇಕು. ಎರಡನೆಯದು ಇರುವ ಪೆಟ್ಟಿಗೆಯನ್ನೇ ಆರಿಸಿ, ಪಟ್ಟಿಗಳಲ್ಲಿನ ಕೊಂಡಿಗಳು ಹೇಳದೆ ಕೇಳದೆ ಬದಲಾಗುತ್ತಿರುತ್ತವೆ. ಮತ್ತೊಂದು ಮಾತು: ಇಂಟರ್ನೆಟ್ಟಿನ ಆಕಾಶವಾಣಿ ಟ್ಯೂನರಿಗಿಂತ ಹಲವು ಸೆಕೆಂಡು ಹಿಂದೆ ನಡೆಯುತ್ತದೆ, ಅಡುಗೆಮನೆಯಲ್ಲಿ ರೇಡಿಯೊ, ನಡುಮನೆಯಲ್ಲಿ ಸ್ಟ್ರೀಮರ್ ಒಟ್ಟಿಗೆ ಹಾಕಿದರೆ ವಾರ್ತೆ ಎರಡೆರಡು ಸಲ ಕೇಳಿಸುತ್ತದೆ, ಉದ್ಘೋಷಕರು ಸಮಯ ಹೇಳಿದಾಗ ಗಡಿಯಾರ ಸರಿಪಡಿಸಿಕೊಳ್ಳುವ ಅಭ್ಯಾಸವಿದ್ದವರು ಅಡುಗೆಮನೆಯ ಕಡೆಗೇ ಕಿವಿ ಕೊಡಿ.